ಚಳಿಗಾಲಕ್ಕೆ ಯಾವ ಹಾಡು ಗುರುವೇ?

ಡಿಸೆಂಬರ್ ಬಂತೆಂದರೆ ನಮ್ಮ ನಿಟ್ಟೆ ಕಡೆ ಸ್ಟೇಜುಗಳ ಸುಗ್ಗಿ. ಶಾಲೆ ವಾರ್ಷಿಕೋತ್ಸವ, ಕ್ಲಬ್ಬಿನ ರಸಮಂಜರಿ, ಜನವರಿಯಲ್ಲಿ ಅತ್ತೂರು ಜಾತ್ರೆಯ ಗೌಜು. ಘಟ್ಟದ ಕಡೆಯಿಂದ ಒಣ ಚಳಿಗಾಳಿ ಬೀಸೋದೂ ಆಗಲೇ!

ಅಂಥದೊಂದು ರಾತ್ರಿ ಮೈಕ್ ಹಿಡಿದವನೇ, ಅಣ್ಣಾವ್ರಿಗೆ ಗಾಯನದ ರಾಷ್ಟ್ರ ಪ್ರಶಸ್ತಿ ತಂದ 'ಜೀವನ ಚೈತ್ರ'ದ (1992) ಹಾಡಿಗೇ ಕೈ ಹಾಕಿದೆ. ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು, ಇದನ್ನೂ ಅರ್ಧಕ್ಕೇ ಬಿಟ್ಟೆ. ಮೇಲಿನ ಸ್ವರಕ್ಕೆ ಹೋದದ್ದೇ ದನಿ ಒಡೀತು, ಶಿಳ್ಳೆ ಬಿತ್ತು. ಎದುರು ಸಾಲಿನಲ್ಲಿ ಕೂತಿದ್ದ ಅಪ್ಪ ಎದ್ದು ನಡೆದೇಬಿಟ್ಟರು. ಆ ಬೆನ್ನು ಇವತ್ತಿಗೂ ಕಣ್ಣೆದುರಿಗಿದೆ.

ಒಣಗಾಳಿ ಗಂಟಲಿನ ಪಸೆ ಹೀರುತ್ತೆ ಕಣ್ರೀ. ಧ್ವನಿತಂತುಗಳು ಸಲೀಸಾಗಿ ಆಡೋಲ್ಲ, ಮೊದಲು ಕೈಕೊಡೋದು ಮೇಲಿನ ಸ್ವರವೇ. ಹಾಗಾಗಿ ಚಳಿಗೆ ನನ್ನ ಓಟು ಪಿ.ಬಿ. ಶ್ರೀನಿವಾಸ್ ಅವರಿಗೆ! 'ಸಾಕ್ಷಾತ್ಕಾರ'ದ (1971) ಶೀರ್ಷಿಕೆ ಗೀತೆ ಕೇಳಿ, ಕೂಗಾಟವೇ ಇಲ್ಲ, ಕಿವಿಯ ಹತ್ತಿರ ಕೂತು ಹಾಡಿದ ಹಾಗೆ. 'ಸಂಪತ್ತಿಗೆ ಸವಾಲ್'ನ (1974) ಎಮ್ಮೆ ಹಾಡಿಗೆ ಒನ್ಸ್ ಮೋರ್ ಗ್ಯಾರಂಟಿ, ಒಪ್ಪಿದೆ. ಅದನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ಪಿ.ಬಿ.ಎಸ್. ಹಾಡೂ ಮೇಲಾಯಿತಾ? 'ಎರಡು ಮನೆ ಇಳಿಸು ಮಾರಾಯ' ಅಂತ ಕೀಬೋರ್ಡಿನವನಿಗೆ ಹೇಳಿ, ನಾಚಿಕೆ ಯಾಕೆ? ಸ್ಟೇಜ್ ಹತ್ತುವ ಮುಂಚೆ ಬಿಸಿನೀರು ಕುಡಿದು, ಹತ್ತು ನಿಮಿಷ ಮೆಲ್ಲಗೆ ಗುನುಗಿ.

ಕಳೆದ ಚಳಿಗೆ ಹಾಗೇ ಇಳಿಸಿ ಹಾಡಿದೆ. ಅಪ್ಪ ಬಂದಿರಲಿಲ್ಲ. ಮನೆಗೆ ಹೋದರೆ ಜಗಲಿಯಲ್ಲೇ ಕೂತಿದ್ದರು.

'ಮೈಕಿನ ಶಬ್ದ ಇಲ್ಲೀವರೆಗೂ ಬರ್ತಿತ್ತು. ಹಾಡಿದ್ದು ನೀನೇನಾ?'