ಕೊಟ್ಟಿಗೆ ನೀರಿನಿಂದ ಕರೆಂಟು: ಎಷ್ಟು ನಿಜ? ನಮಗೆಷ್ಟು ಉಪಯೋಗ?



"ಕೊಳಚೆ ನೀರಿನಿಂದ, ಗಂಜಲದಿಂದ ಕರೆಂಟು ತೆಗೆಯುತ್ತಾರಂತೆ, ಹೌದಾ ಡಾಕ್ಟ್ರೇ?" ಎಂದು ಸಂಘದ ಸಭೆಗಳಲ್ಲಿ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಹೌದು, ತೆಗೆಯಬಹುದು. ಅದನ್ನು ಮಾಡುವ ಸಾಧನಕ್ಕೆ ಸೂಕ್ಷ್ಮಜೀವಿ ಇಂಧನ ಕೋಶ ಎಂದು ಹೆಸರು. ಆದರೆ ನಾಲ್ಕು ಹಸು ಕಟ್ಟಿರುವ ಮನೆಗೆ ಅದರಿಂದ ಇವತ್ತು ಏನು ಸಿಗುತ್ತದೆ ಎಂದು ತಿಳಿದುಕೊಳ್ಳದೆ ಯಾರಿಗೂ ಮುಂಗಡ ಹಣ ಕೊಡಬೇಡಿ. ಅದಕ್ಕಾಗಿಯೇ ಈ ಲೇಖನ.

ಹಸುವಿನ ಹೊಟ್ಟೆಯಲ್ಲೂ ಇದೇ ಕೆಲಸ

ಹಸುವಿನ ದೊಡ್ಡ ಹೊಟ್ಟೆ, ಅಂದರೆ ರೂಮೆನ್, ನೂರು ಲೀಟರಿಗೂ ಹೆಚ್ಚು ಹಿಡಿಯುವ ಹಂಡೆಯಿದ್ದಂತೆ. ಅದರೊಳಗೆ ಗಾಳಿ ಇಲ್ಲ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸಿ ಕೆಲವು ಆಮ್ಲಗಳನ್ನಾಗಿ ಮಾಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಅಸಿಟಿಕ್ ಆಮ್ಲ. ಕೆಚ್ಚಲಿಗೆ ಹೋಗಿ ಹಾಲಿನ ಜಿಡ್ಡಾಗುವುದು ಇದೇ. ಹಸಿರು ಮೇವು, ಒಣ ಹುಲ್ಲು ಕಡಿಮೆಯಾಗಿ ಹಿಂಡಿ ಮಾತ್ರ ಹೆಚ್ಚಾದರೆ ಫ್ಯಾಟ್ ಇಳಿಯುವುದೂ ಇದರಿಂದಲೇ.

ಸಗಣಿ ನೀರಿನಲ್ಲೂ, ಊರಿನ ಚರಂಡಿ ನೀರಿನಲ್ಲೂ ಇಂಥ ಜೀವಿಗಳಿವೆ. ಅಲ್ಲಿಯೂ ಕೊಳೆತ ಕಸದಿಂದ ಅಸಿಟಿಕ್ ಆಮ್ಲ ಉಂಟಾಗುತ್ತದೆ. ಹಸುವಿನಲ್ಲಿ ಅದು ಹಾಲಿನ ಜಿಡ್ಡಾದರೆ, ಇಂಧನ ಕೋಶದಲ್ಲಿ ಅದೇ ಆಮ್ಲವನ್ನು ತಿಂದು ಕೆಲವು ಜೀವಿಗಳು ವಿದ್ಯುತ್ ಕೊಡುತ್ತವೆ.

ಕರೆಂಟು ಹುಟ್ಟುವುದು ಹೇಗೆ?

ಯಾವುದೇ ಜೀವಿ ಆಹಾರವನ್ನು ಕರಗಿಸಿದಾಗ ಎಲೆಕ್ಟ್ರಾನ್ ಎಂಬ ಅತಿ ಸಣ್ಣ ವಿದ್ಯುತ್ ಕಣಗಳು ಹೊರಬರುತ್ತವೆ. ಅವನ್ನು ಯಾವುದಕ್ಕಾದರೂ ದಾಟಿಸಲೇಬೇಕು. ನಾವು ಉಸಿರಾಡಿದ ಗಾಳಿಯ ಆಮ್ಲಜನಕಕ್ಕೆ ದಾಟಿಸುತ್ತೇವೆ. ಗಾಳಿಯಿಲ್ಲದ ಕೆಸರಿನಲ್ಲಿ ಬದುಕುವ ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅವನ್ನು ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನಂಥ ಅಂಶಕ್ಕೆ ದಾಟಿಸುತ್ತದೆ. ಅದರ ಬದಲು ಒಂದು ಇಂಗಾಲದ ತಟ್ಟೆಯನ್ನು ಇಟ್ಟರೆ, ಜೀವಿಗಳು ಅದಕ್ಕೇ ಅಂಟಿಕೊಂಡು ಕಣಗಳನ್ನು ಅದಕ್ಕೆ ಕೊಡುತ್ತವೆ.

ಕೋಶದಲ್ಲಿ ಎರಡು ತಟ್ಟೆಗಳಿರುತ್ತವೆ. ಒಂದು ಗಾಳಿಯಾಡದ ಕೊಳಚೆ ನೀರಿನಲ್ಲಿ, ಇನ್ನೊಂದು ಗಾಳಿ ತಾಗುವಂತೆ. ಎರಡಕ್ಕೂ ತಂತಿ ಕಟ್ಟಿದರೆ ಮೊದಲನೆಯದರಿಂದ ಎರಡನೆಯದಕ್ಕೆ ಕಣಗಳು ಹರಿಯುತ್ತವೆ. ಈ ಹರಿವೇ ಕರೆಂಟು. ಇನ್ನೊಂದು ತುದಿಯಲ್ಲಿ ಅವು ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗುತ್ತವೆ. ಇತ್ತ ಕೊಳಚೆಯಲ್ಲಿದ್ದ ಕಸವನ್ನು ಜೀವಿಗಳು ತಿಂದು ಮುಗಿಸುವುದರಿಂದ ನೀರಿನ ಹೊಲಸೂ ಇಳಿಯುತ್ತದೆ.

ಎಲ್ಲೆಲ್ಲಿ ಮಾಡಿ ನೋಡಿದ್ದಾರೆ?

ಇದು ಹೊಸ ವಿಚಾರವಲ್ಲ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಪ್ರೊಫೆಸರ್ ಪಾಟರ್ 1911ರಲ್ಲೇ ಸೂಕ್ಷ್ಮಜೀವಿಗಳಿಂದ ವಿದ್ಯುತ್ ಬರುವುದನ್ನು ತೋರಿಸಿದ್ದರು. 2004ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬ್ರೂಸ್ ಲೋಗನ್ ಅವರ ತಂಡ ಮನೆಗಳ ಕೊಳಚೆ ನೀರನ್ನು ಶುದ್ಧ ಮಾಡುತ್ತಲೇ ವಿದ್ಯುತ್ ತೆಗೆಯಿತು. 2005ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು ಹಸುವಿನ ರೂಮೆನ್ ರಸವನ್ನೇ ಬಳಸಿದರು. ಅರ್ಧ ಲೀಟರ್ ರಸದ ಕೋಶದಿಂದ ಸುಮಾರು ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಬಂತು.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಜ್ಞಾನಿಗಳು 2015ರಲ್ಲಿ ಜನರ ಮೂತ್ರದಿಂದಲೇ ದೀಪ ಉರಿಯುವ ಶೌಚಾಲಯ ಮಾಡಿದರು. 2017ರಲ್ಲಿ ಉಗಾಂಡ ದೇಶದ ಕಿಸೋರೊ ಎಂಬಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲೂ ಅದನ್ನು ಅಳವಡಿಸಿದರು. ರಾತ್ರಿ ಕತ್ತಲಲ್ಲಿ ಶೌಚಾಲಯಕ್ಕೆ ಹೋಗಬೇಕಾದ ಹುಡುಗಿಯರಿಗೆ ಒಂದು ಸಣ್ಣ ದೀಪದ ಬೆಲೆ ಏನೆಂದು ನಿಮಗೆ ಹೇಳಬೇಕಿಲ್ಲ.

ಹಾಗಾದರೆ ನಮ್ಮ ಮನೆಗೆ?

ಒಂದು ಕೋಶದಿಂದ ಸಿಗುವುದು ಅರ್ಧ ವೋಲ್ಟಿನ ಆಸುಪಾಸು. ಟಾರ್ಚಿನ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ. ಹಲವು ಕೋಶಗಳನ್ನು ಜೋಡಿಸಿ ವೋಲ್ಟ್ ಏರಿಸಬಹುದು, ಆದರೆ ಹರಿವು ತೀರಾ ತೆಳು. ಒಂದು ಲೀಟರ್ ಕೊಳಚೆ ಹಿಡಿಯುವ ಕೋಶದಿಂದ ಸಾಮಾನ್ಯವಾಗಿ ಬರುವುದು ಒಂದು ವ್ಯಾಟಿನ ಸಾವಿರ ಪಾಲಿನಲ್ಲಿ ಕೆಲವು ಪಾಲು ಮಾತ್ರ. ಒಂಬತ್ತು ವ್ಯಾಟಿನ ಒಂದು ಬಲ್ಬಿಗೇ ಸಾವಿರಾರು ಲೀಟರ್ ಹಿಡಿಯುವ ಕೋಶಗಳ ಸಾಲು ಬೇಕಾಗುತ್ತದೆ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರದ ಮಾತು ದೂರವೇ ಉಳಿಯಿತು. ತಟ್ಟೆಗಳಿಗೆ ಖರ್ಚು ಹೆಚ್ಚು, ಸಗಣಿಯ ನಾರು ಸಿಕ್ಕಿಕೊಂಡು ಕಟ್ಟಿಕೊಳ್ಳುವ ತೊಂದರೆಯೂ ಇದೆ.

ಇದರ ನಿಜವಾದ ಲಾಭ ಪಟ್ಟಣಗಳ ಕೊಳಚೆ ಶುದ್ಧೀಕರಣ ಘಟಕಗಳಿಗೆ. ಅಲ್ಲಿ ನೀರಿಗೆ ಗಾಳಿ ಊದಲು ಈಗ ಬಹಳ ಕರೆಂಟು ಖರ್ಚಾಗುತ್ತದೆ. ಈ ಜೀವಿಗಳಿಗೆ ಗಾಳಿ ಊದಬೇಕಿಲ್ಲ, ಕೊನೆಗೆ ಉಳಿಯುವ ಕೆಸರೂ ಕಡಿಮೆ. ಆದ್ದರಿಂದ "ಸಗಣಿ ಪೆಟ್ಟಿಗೆ ಇಡಿ, ಮನೆಯ ಕರೆಂಟ್ ಬಿಲ್ ಉಳಿಸಿ" ಎಂದು ಯಾರಾದರೂ ಬಂದರೆ ಒಂದೇ ಪ್ರಶ್ನೆ ಕೇಳಿ: "ದಿನಕ್ಕೆ ಎಷ್ಟು ಯೂನಿಟ್ ಬರುತ್ತದೆ? ಮೀಟರ್ ಇಟ್ಟು ತೋರಿಸಿ."

ಇವತ್ತಿಗೆ ನಮಗೆ ಸರಿಯಾದದ್ದು ಗೊಬ್ಬರ ಗ್ಯಾಸ್

ಗಾಳಿಯಿಲ್ಲದಲ್ಲಿ ಕೆಲಸ ಮಾಡುವ ಇಂಥದ್ದೇ ಇನ್ನೊಂದು ಗುಂಪಿನ ಜೀವಿಗಳು ಅಸಿಟಿಕ್ ಆಮ್ಲದಿಂದ ಮೀಥೇನ್ ಅನಿಲ ಮಾಡುತ್ತವೆ. ಗೊಬ್ಬರ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಅದೇ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಸಿಗುತ್ತದೆ. ಒಂದು ಹಸು ದಿನಕ್ಕೆ 10 ಕಿಲೋಗೆ ಕಡಿಮೆಯಿಲ್ಲದಂತೆ ಸಗಣಿ ಹಾಕುತ್ತದೆ. ನಾಲ್ಕೈದು ಹಸುಗಳಿದ್ದರೆ 2 ಘನ ಮೀಟರಿನ ಸ್ಥಾವರ ನಡೆಯುತ್ತದೆ, ಸಾಧಾರಣ ಕುಟುಂಬದ ಅಡುಗೆಗೆ ಸಾಕಾಗುತ್ತದೆ. ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರ. ಸಹಾಯಧನದ ಬಗ್ಗೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಸ್ಥಾವರವನ್ನು ಹಸುವಿನ ಹೊಟ್ಟೆಯಂತೆಯೇ ನೋಡಿಕೊಳ್ಳಿ:

1. ಸಗಣಿ ಮತ್ತು ನೀರು ಸಮಪ್ರಮಾಣದಲ್ಲಿ ಕಲಸಿ, ದಿನಾ ಹಾಕಿ. ಮೂರು ದಿನ ಬಿಟ್ಟು ಒಟ್ಟಿಗೆ ಸುರಿಯಬೇಡಿ.

2. ಮದುವೆ ಮನೆಯ ಅನ್ನವನ್ನು ಒಮ್ಮೆಲೇ ತಿಂದ ಹಸುವಿಗೆ ಹೊಟ್ಟೆ ಹುಳಿಯಾಗುವುದನ್ನು ನೋಡಿದ್ದೀರಿ. ಸ್ಥಾವರಕ್ಕೂ ಹಾಗೆಯೇ. ಉಳಿದ ಅನ್ನ, ಹಿಟ್ಟು ಹೆಚ್ಚು ಹಾಕಿದರೆ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ.

3. ಫಿನಾಯಿಲ್, ಬ್ಲೀಚಿಂಗ್ ಪುಡಿ, ಆಸಿಡ್ ಹಾಕಿ ತೊಳೆದ ನೀರು ಒಳಗೆ ಹೋಗಬಾರದು.

4. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದ ದಿನದವರೆಗೆ ಸಂಘಕ್ಕೆ ಹಾಕಬಾರದೆಂದು ನಿಮಗೆ ಗೊತ್ತು. ಅದನ್ನು ಸ್ಥಾವರಕ್ಕೂ ಸುರಿಯಬೇಡಿ. ಔಷಧ ಅಲ್ಲಿನ ಜೀವಿಗಳನ್ನೂ ಕೊಲ್ಲುತ್ತದೆ.

5. ಸ್ಥಾವರದ ಗುಂಡಿಗೆ, ಮುಚ್ಚಿದ ಬಗ್ಗಡದ ಗುಂಡಿಗೆ ಯಾರನ್ನೂ ಇಳಿಸಬೇಡಿ. ಒಳಗಿನ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಸತ್ತ ಉದಾಹರಣೆಗಳಿವೆ.

ತೊಳೆದ ನೀರು ಬೀದಿಗೆ ಬೇಡ

ಗ್ಯಾಸ್ ಸ್ಥಾವರ ಇಲ್ಲದಿದ್ದರೂ ಈ ಒಂದು ಕೆಲಸ ಎಲ್ಲರೂ ಮಾಡಬಹುದು. ನೆಲ ತೊಳೆದ ನೀರು, ಗಂಜಲ ಬೀದಿಗೆ ಹರಿದರೆ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಬಾವಿಗೆ ಇಂಗಿದರೆ ನೀರಿನಲ್ಲಿ ನೈಟ್ರೇಟ್ ಸೇರುತ್ತದೆ, ಆ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಹಸುಗೂಸುಗಳಿಗೆ ಅಪಾಯ. ಕೊಟ್ಟಿಗೆಯ ರೊಚ್ಚಿನಲ್ಲಿ ಮಲಗಿದ ಹಸುವಿಗೆ ಕೆಚ್ಚಲು ಬಾವು ಬರುತ್ತದೆ. ಗಂಜಲದಿಂದ ಹರಡುವ ಇಲಿಜ್ವರ ಕಾಲಿನ ಗಾಯದ ಮೂಲಕ ನಿಮಗೂ ತಗಲಬಹುದು. ಬರಿಗಾಲಲ್ಲಿ ಕೊಟ್ಟಿಗೆ ತೊಳೆಯಬೇಡಿ, ಗಮ್‌ಬೂಟು ಹಾಕಿಕೊಳ್ಳಿ.

ಮೊದಲು ಸಗಣಿ ಬಾಚಿ ತೆಗೆದು, ಆಮೇಲೆ ನೀರು ಹಾಕಿ. ನೀರೂ ಉಳಿಯುತ್ತದೆ, ರೊಚ್ಚೂ ಕಡಿಮೆಯಾಗುತ್ತದೆ. ಮೋರಿಯ ತುದಿಯಲ್ಲಿ ಸಣ್ಣ ತೊಟ್ಟಿ ಕಟ್ಟಿ ಕಸ ತಂಗಲು ಬಿಡಿ. ಮೇಲಿನ ನೀರನ್ನು ನೇಪಿಯರ್ ಹುಲ್ಲಿಗೆ ಹಾಯಿಸಿ. ಆದರೆ ಒಂದೇ ಪಾತಿಗೆ ದಿನಾ ಹಾಯಿಸಬೇಡಿ, ಸರದಿಯಂತೆ ಬದಲಿಸಿ. ಗಂಜಲ ಹೆಚ್ಚಾದ ಪಾತಿಯ ಹುಲ್ಲಿನಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಹುಲ್ಲಿನಲ್ಲಿ, ನೈಟ್ರೇಟ್ ಸೇರಿಕೊಂಡು ಹಸುವಿಗೆ ವಿಷವಾಗಬಹುದು. ಅಂಥ ಹುಲ್ಲನ್ನು ಒಣ ಮೇವಿನೊಡನೆ ಬೆರೆಸಿ ಸ್ವಲ್ಪ ಸ್ವಲ್ಪವೇ ಕೊಡಿ. ಮೇವು ತಿಂದ ಹಸು ಏದುಸಿರು ಬಿಟ್ಟು ತೂರಾಡಿದರೆ, ಬಾಯಿಯ ಒಳಭಾಗ ಕಂದು ಬಣ್ಣಕ್ಕೆ ತಿರುಗಿದರೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ.

ಕೊಟ್ಟಿಗೆ ನೀರಿನ ಕರೆಂಟು ಒಂದು ದಿನ ನಮ್ಮೂರಿಗೂ ಬರಬಹುದು. ಅಲ್ಲಿಯವರೆಗೆ ಆ ನೀರು ಗ್ಯಾಸಾಗಲಿ, ಗೊಬ್ಬರವಾಗಲಿ, ಮೇವಾಗಲಿ. ಬೀದಿಯ ಪಾಲು ಮಾತ್ರ ಆಗದಿರಲಿ.