ಐದು ಡಾಲರಿನ ಶಿಕಾರಿ ಲೈಸೆನ್ಸು

ಮಿನಿಯಾಪೊಲಿಸ್ ಹೊರವಲಯದ ಆ ಅಂಗಡಿಯಲ್ಲಿ ಗಾಳ, ಬೂಟು, ತೋಟಾ ಎಲ್ಲವೂ ಸಿಗುತ್ತವೆ. ಅಕ್ಟೋಬರಿನ ಒಂದು ಸಂಜೆ ಅಲ್ಲಿನ ಲೈಸೆನ್ಸ್ ಕೌಂಟರಿನಲ್ಲಿ ಹದಿಮೂರರ ಹುಡುಗಿಯೊಬ್ಬಳು ಅಪ್ಪನ ಪಕ್ಕ ನಿಂತು, ತಾನೇ ಕೂಡಿಟ್ಟ ದುಡ್ಡು ಎಣಿಸಿ ಕೊಟ್ಟಳು. ಮಿನ್ನೆಸೋಟದಲ್ಲಿ 13ರಿಂದ 17ರ ವಯಸ್ಸಿನವರಿಗೆ ಜಿಂಕೆ ಬೇಟೆಯ ಲೈಸೆನ್ಸಿಗೆ 5 ಡಾಲರ್; ಅವಳಪ್ಪನಿಗೆ 34. ನಮ್ಮಲ್ಲಿ ಬೇಟೆಯೇ ನಿಷಿದ್ಧ ಎಂದು ನಾನು ಹೇಳಿದ್ದಕ್ಕೆ ಅವಳು ಕಣ್ಣರಳಿಸಿ ಕೇಳಿದಳು: "ಹಾಗಾದರೆ ನಿಮ್ಮ ಕಾಡಿಗೆ ದುಡ್ಡು ಯಾರು ಕೊಡುತ್ತಾರೆ?"

ಸರ್ಕಾರದ ಬೊಕ್ಕಸ ಎಂದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಳಿದಿದ್ದ ಬೇಟೆ ಲೈಸೆನ್ಸ್ ಕೂಡ 1991ರ ತಿದ್ದುಪಡಿಯಲ್ಲಿ ಹೋಯಿತು. ಹೋದದ್ದು ಒಳ್ಳೆಯದೇ ಆಯಿತೆಂದು ನಂಬಿದವನು ನಾನು. ಆದರೆ ಅಮೆರಿಕದ ಲೆಕ್ಕವೇ ಬೇರೆ. 1937ರಲ್ಲಿ ರೂಸ್‌ವೆಲ್ಟ್ ಸಹಿ ಹಾಕಿದ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಉದ್ದ ಕೋವಿ ಮತ್ತು ತೋಟಾಗಳ ಮೇಲಿನ ಶೇ 11ರ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ರಾಜ್ಯಗಳ ಪಾಲನ್ನು ಅರ್ಧ ವಿಸ್ತೀರ್ಣ ನೋಡಿ, ಇನ್ನರ್ಧ ದುಡ್ಡು ಕೊಟ್ಟು ಲೈಸೆನ್ಸ್ ಪಡೆದವರ ತಲೆ ಎಣಿಸಿ ಹಂಚುತ್ತಾರೆ. 2011ರಲ್ಲಿ 1.37 ಕೋಟಿ ಇದ್ದ ಬೇಟೆಗಾರರು 2016ಕ್ಕೆ 1.15 ಕೋಟಿಗೆ ಇಳಿದಾಗ ಇಲಾಖೆಗಳು ಗಾಬರಿಯಾದದ್ದು ಇದಕ್ಕೇ. ಮಕ್ಕಳ ಶುಲ್ಕವನ್ನು ಐದು ಡಾಲರಿಗೆ ಇಳಿಸಿಯೂ ಪೂರ್ತಿ ಮನ್ನಾ ಮಾಡದಿರುವುದರಲ್ಲಿ ಅರ್ಥವಿದೆ. ಪುಕ್ಕಟೆ ಲೈಸೆನ್ಸ್ ಈ ಎಣಿಕೆಗೆ ಬರುವುದಿಲ್ಲ. ತಲೆಗೆ ವರ್ಷಕ್ಕೆ ಕನಿಷ್ಠ 2 ಡಾಲರಾದರೂ ರಾಜ್ಯದ ಕೈ ಸೇರಿರಬೇಕು.

ಅದೇ ಕೌಂಟರಿನಲ್ಲಿ ನನ್ನ ಮನಸ್ಸು ಕದ್ದದ್ದು ಬಾತುಕೋಳಿಯ ಅಂಚೆಚೀಟಿಯಂಥ ಒಂದು ಚೀಟಿ. 'ಡಕ್ ಸ್ಟಾಂಪ್' ಎನ್ನುತ್ತಾರೆ. ಹದಿನಾರು ತುಂಬಿದವರು ಇದಿಲ್ಲದೆ ನೀರುಹಕ್ಕಿ ಬೇಟೆಗೆ ಹೋಗುವಂತಿಲ್ಲ. 1934ರ ಮೊದಲ ಚೀಟಿಗೆ ಚಿತ್ರ ಬರೆದವನು ವ್ಯಂಗ್ಯಚಿತ್ರಕಾರ 'ಡಿಂಗ್' ಡಾರ್ಲಿಂಗ್. ಆಗ ಬೆಲೆ 1 ಡಾಲರ್, ಈಗ 25. ಪ್ರತಿವರ್ಷದ ಚಿತ್ರಕ್ಕೆ ಸರ್ಕಾರವೇ ಸ್ಪರ್ಧೆ ನಡೆಸುತ್ತದೆ. ಮಿನ್ನೆಸೋಟದ ಜಿಮ್, ಜೋ, ಬಾಬ್ ಹಾಟ್‌ಮನ್ ಎಂಬ ಮೂವರು ಅಣ್ಣತಮ್ಮಂದಿರು ಸೇರಿ ಹತ್ತಕ್ಕೂ ಹೆಚ್ಚು ಸಲ ಗೆದ್ದಿದ್ದಾರೆ. ಅವರಲ್ಲಿ ಜೋ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಕುಂಚ ಹಿಡಿದವರು! ಕೋಯೆನ್ ಸಹೋದರರ 'ಫಾರ್ಗೊ' ಸಿನಿಮಾದಲ್ಲೂ ಇವರ ಹೆಸರು ಸುಳಿಯುತ್ತದೆ. ಪೊಲೀಸ್ ಅಧಿಕಾರಿಣಿಯ ಗಂಡ ಬಾತುಕೋಳಿ ಬರೆಯುತ್ತ ಕೂರುತ್ತಾನಲ್ಲ, ಅವನ ಎದುರಾಳಿಗಳು ಇವರೇ. ಶಾಲಾ ಮಕ್ಕಳಿಗೂ ಪ್ರತ್ಯೇಕ ಸ್ಪರ್ಧೆಯಿದೆ. ಅವರ ಚೀಟಿಗೆ 5 ಡಾಲರ್. ದೊಡ್ಡವರ ಚೀಟಿಯ ಹಣದಲ್ಲಿ ನೂರಕ್ಕೆ 98 ಪಾಲು ಜೌಗುನೆಲ ಉಳಿಸಲು ಹೋಗುತ್ತದೆ. ಈವರೆಗೆ ಹಾಗೆ ಉಳಿದ ನೆಲ 60 ಲಕ್ಷ ಎಕರೆಗೂ ಮಿಕ್ಕಿದೆ. ಒಂದು ಪುಟ್ಟ ಚಿತ್ರ ಇಷ್ಟು ದೊಡ್ಡ ಕೆಲಸ ಮಾಡಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಶುಲ್ಕ ಇಳಿಸಿದ ಮಾತ್ರಕ್ಕೆ ಮಕ್ಕಳು ಕಾಡಿಗೆ ಬಂದುಬಿಡುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಕೋವಿ, ಕಿತ್ತಳೆ ಅಂಗಿ, ಪ್ರಯಾಣ, ಬೇಟೆಗೆ ಅನುಮತಿಯಿರುವ ಜಾಗ – ಇವುಗಳ ಮುಂದೆ ಲೈಸೆನ್ಸಿನ ದರ ಏನೂ ಅಲ್ಲ. ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಮಿನ್ನೆಸೋಟದ ಎಳೆಯರ ಬೇಟೆ ಋತು. ಅಧ್ಯಾಪಕರ ಸಮ್ಮೇಳನಕ್ಕೆಂದು ಶಾಲೆಗಳಿಗೆ ರಜೆಯಿರುವ ಅಕ್ಟೋಬರಿನ ದಿನಗಳಲ್ಲೇ ಅದನ್ನು ಇಟ್ಟಿದ್ದಾರೆ. ಚಿಕ್ಕವರ ಜೊತೆ ಹೋಗುವ ಹಿರಿಯರು ತಾವು ಬೇಟೆಯಾಡುವಂತಿಲ್ಲ, ಕಲಿಸಬೇಕು ಅಷ್ಟೆ. ಇಲ್ಲಿ ಮಗುವಿಗೆ ಸಿಗುವುದು ಹಿರಿಯರ ಪೂರ್ತಿ ಗಮನ. ಅದರ ಬೆಲೆ ರಿಯಾಯಿತಿಗಿಂತ ಹೆಚ್ಚು.

ಇನ್ನೊಂದು ಮಾತು. ಕಾಡಿನ ಖರ್ಚನ್ನೆಲ್ಲ ಕೋವಿ ಹಿಡಿದವರ ಹೆಗಲಿಗೇ ಬಿಡುವುದು ನ್ಯಾಯವಲ್ಲ, ಕ್ಷೇಮವೂ ಅಲ್ಲ. ಮಿನ್ನೆಸೋಟದ ಮತದಾರರು 2008ರಲ್ಲಿ ಇದನ್ನು ಅರಿತು, ಮಾರಾಟ ತೆರಿಗೆಯನ್ನು ಶೇಕಡಾ ಒಂದರ ಎಂಟನೇ ಮೂರು ಭಾಗದಷ್ಟು ಏರಿಸಲು ಒಪ್ಪಿದರು. 2034ರವರೆಗೆ ನಡೆಯುವ ಈ ತೆರಿಗೆಯ ಮೂರನೇ ಒಂದು ಪಾಲು ಕಾಡು, ಹುಲ್ಲುಗಾವಲು, ಜೌಗುನೆಲಗಳಿಗೆ ಮೀಸಲು. ಹಕ್ಕಿ ನೋಡುವವರೂ ನೋಡದವರೂ ಎಲ್ಲರೂ ಕೊಡುತ್ತಾರೆ.

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಕೋವಿ ಮುಟ್ಟದವರೂ ಡಕ್ ಸ್ಟಾಂಪ್ ಕೊಳ್ಳಬಹುದು. ಅದು ಕೈಯಲ್ಲಿದ್ದರೆ ಪ್ರವೇಶ ಶುಲ್ಕವಿರುವ ರಾಷ್ಟ್ರೀಯ ವನ್ಯಜೀವಿ ಧಾಮಗಳೊಳಕ್ಕೆ ಉಚಿತವಾಗಿ ಹೋಗಬಹುದು. ಈ ವರ್ಷ ಒಂದು ಕೊಳ್ಳಿ, ಮಕ್ಕಳನ್ನು ಕರೆದುಕೊಂಡು ಹೋಗಿ.