ಮಲಗಿಸಿದ ಏಣಿ

ಹೊಸ ಲಾರಿಯ ಚಾಸಿಯನ್ನು ಮೇಲ್ಕಟ್ಟಡವಿಲ್ಲದೆ ಚಾಲಕನು ಹೆದ್ದಾರಿಯಲ್ಲಿ ನಡೆಸಿಕೊಂಡು ಹೋಗುವ ನೋಟ ನಮ್ಮ ದೇಶದಲ್ಲಿ ಬಹುಕಾಲ ಸಾಮಾನ್ಯವಾಗಿತ್ತು. ಬಾಗಿಲಿಲ್ಲ, ಚಾವಣಿಯಿಲ್ಲ, ಸರಕು ತುಂಬುವ ತೊಟ್ಟಿಯೂ ಇಲ್ಲ. ಆದರೂ ವಾಹನ ಓಡುತ್ತಿತ್ತು. ಎಂಜಿನ್, ಅಚ್ಚು, ಕಮಾನು ಪಟ್ಟಿಗಳೆಲ್ಲವೂ ನೆಲಕ್ಕೆ ಸಮನಾಗಿ ಮಲಗಿಸಿದ ಉಕ್ಕಿನ ಏಣಿಯೊಂದನ್ನು ಆಶ್ರಯಿಸಿಕೊಂಡಿರುತ್ತಿದ್ದವು. ಎರಡು ಉದ್ದಪಟ್ಟಿಗಳು, ಅವುಗಳನ್ನು ಬಂಧಿಸುವ ಕೆಲವು ಅಡ್ಡಪಟ್ಟಿಗಳು, ಇಷ್ಟೇ ಆ ಏಣಿ. ಅದೇ ಚಾಸಿಯ ಚೌಕಟ್ಟು. ಇಂಥ ಚೌಕಟ್ಟನ್ನು ಮೇಜಿನ ಮೇಲೆ ಇಡುವಷ್ಟು ಕಿರಿದಾಗಿ ಮಾಡಿ, ರೇಡಿಯೊ ಅಲೆಗಳಿಂದ ನಡೆಯುವ ಮಾದರಿ ಲಾರಿಗಳನ್ನು ತಮ್ಮ ಕೈಯಿಂದಲೇ ಕಟ್ಟುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ.

ವಾಹನವನ್ನು ದೂರದಿಂದ ನಡೆಸುವ ವಿದ್ಯೆ ತೀರ ಹೊಸದಲ್ಲ. 1898ರಲ್ಲಿಯೇ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯ ಸಂಬಂಧವಿಲ್ಲದೆ ನಡೆಸಿ ತೋರಿಸಿದ್ದನು. ಇಂದಿನ ಮಾದರಿ ಲಾರಿಯಲ್ಲಿ ಕೈಯಲ್ಲಿರುವ ಪ್ರೇಷಕದ ಸಂಕೇತವನ್ನು ಲಾರಿಯೊಳಗಿನ ಗ್ರಾಹಕ ಹಿಡಿಯುತ್ತದೆ. ವಿದ್ಯುತ್ ಮೋಟಾರು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಸರ್ವೊ ಎಂಬ ಚಿಕ್ಕ ಯಂತ್ರ ಮುಂದಿನ ಚಕ್ರಗಳನ್ನು ಎಡಬಲಕ್ಕೆ ಹೊರಳಿಸುತ್ತದೆ. ಇವೆಲ್ಲ ಸಿದ್ಧವಾಗಿ ಕೊಳ್ಳಲು ದೊರೆಯುವ ವಸ್ತುಗಳು. ಆದರೆ ತನಗೆ ಬೇಕಾದಷ್ಟು ಉದ್ದದ, ಬೇಕಾದಷ್ಟು ಅಚ್ಚುಗಳ ಲಾರಿಯನ್ನು ಬಯಸುವವನು ಚೌಕಟ್ಟನ್ನು ತಾನೇ ಕಟ್ಟಿಕೊಳ್ಳಬೇಕಾಗುತ್ತದೆ.

ಮೊದಲ ಕೆಲಸ ಲೆಕ್ಕ. ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವುದು 1/14ರ ಅಳತೆ. ದೊಡ್ಡ ಲಾರಿಯ ಚೌಕಟ್ಟಿನ ಅಗಲ ಸುಮಾರು 860 ಮಿಲಿಮೀಟರು ಇದ್ದರೆ ಮಾದರಿಯಲ್ಲಿ ಅದು ಸುಮಾರು 61. ಉದ್ದಪಟ್ಟಿಯ ಎತ್ತರ 270 ಇದ್ದರೆ ಇಲ್ಲಿ 19. ಅಚ್ಚುಗಳ ನಡುವಣ ಅಂತರ 4,200 ಇದ್ದರೆ ಇಲ್ಲಿ 300. ಇಲ್ಲಿಯವರೆಗೆ ಭಾಗಾಕಾರ ಬಲ್ಲವರಿಗೆ ತೊಡಕಿಲ್ಲ. ಆದರೆ 8 ಮಿಲಿಮೀಟರು ದಪ್ಪದ ಉಕ್ಕನ್ನು ಹೀಗೆಯೇ ಭಾಗಿಸಿದರೆ ಉಳಿಯುವುದು 0.6 ಮಿಲಿಮೀಟರಿಗೂ ಕಡಿಮೆ. ಅಷ್ಟು ತೆಳುವಾದ ತಗಡಿನಲ್ಲಿ ತಿರುಪು ಹಿಡಿದು ನಿಲ್ಲುವುದಿಲ್ಲ. ಆದುದರಿಂದ ಹವ್ಯಾಸಿಯು ಇಲ್ಲಿ ಅಳತೆಯ ನಿಷ್ಠೆಯನ್ನು ಬಿಟ್ಟು ಒಂದೂವರೆ ಇಲ್ಲವೆ ಎರಡು ಮಿಲಿಮೀಟರಿನ ಪಟ್ಟಿಯನ್ನು ಆರಿಸುತ್ತಾನೆ.

ತೂಕದ ಲೆಕ್ಕವಂತೂ ಬೇರೆಯೇ. 14 ಟನ್ ತೂಗುವ ಲಾರಿಯ ಮಾದರಿ ಒಂದು ಟನ್ ತೂಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕಿರಿದಾಗುವುದರಿಂದ ತೂಕ 2,744ರಲ್ಲಿ ಒಂದು ಪಾಲಿಗೆ, ಎಂದರೆ ಸುಮಾರು 5 ಕಿಲೋಗ್ರಾಮಿಗೆ ಇಳಿಯುತ್ತದೆ. ಆ ತೂಕವನ್ನು ಹೊರುವ ಲೋಹದ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ 196ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ಮಾದರಿಯ ಲೋಹಕ್ಕೆ ಬೀಳುವ ಹೊರೆ ಹಗುರ. ಗಾತ್ರಕ್ಕೂ ಬಲಕ್ಕೂ ಇರುವ ಈ ಸಂಬಂಧವನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಉಕ್ಕಿನ ಮೂರನೆಯ ಒಂದು ಪಾಲು ತೂಗುವ, ಅಷ್ಟೇ ಸುಲಭವಾಗಿ ಬಾಗಲೂ ಬಲ್ಲ ಅಲ್ಯೂಮಿನಿಯಂ ಇಲ್ಲಿ ಸಾಕಾಗುವುದು ಇದರಿಂದಲೇ.

ಲೋಹಕ್ಕಿಂತ ಮುಖ್ಯವಾದುದು ಅದರ ಆಕಾರ. ನಿಮ್ಮ ಅಳತೆಪಟ್ಟಿಯನ್ನು ಎರಡು ಪುಸ್ತಕಗಳ ನಡುವೆ ಅಡ್ಡವಾಗಿ ಮಲಗಿಸಿ ಒತ್ತಿರಿ, ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗಲು ಒಪ್ಪುವುದಿಲ್ಲ. ಎತ್ತರ ಇಮ್ಮಡಿಯಾದರೆ ಬಾಗದಿರುವ ಗುಣ ಎಂಟು ಮಡಿಯಾಗುತ್ತದೆ. ಅದಕ್ಕಾಗಿಯೇ ಉದ್ದಪಟ್ಟಿಯನ್ನು ನಿಲ್ಲಿಸಿ, ಮೇಲಂಚು ಕೆಳಅಂಚುಗಳನ್ನು ಒಳಕ್ಕೆ ಮಡಿಸಿದ ಚಾನೆಲ್ ರೂಪದಲ್ಲಿ ಮಾಡುತ್ತಾರೆ. ಹಾಗಾದರೆ ನಾಲ್ಕೂ ಕಡೆ ಮುಚ್ಚಿದ ಕೊಳವೆಯನ್ನೇ ಏಕೆ ಬಳಸಬಾರದು? ಕಾಗದವನ್ನು ಸುರುಳಿ ಸುತ್ತಿ ಅಂಟಿಸಿ ತಿರುಚಿ ನೋಡಿರಿ, ಅದು ಮಣಿಯುವುದಿಲ್ಲ. ಅದರ ಉದ್ದಕ್ಕೂ ಒಂದು ಸೀಳು ಕತ್ತರಿಸಿ ಮತ್ತೆ ತಿರುಚಿರಿ, ಸುಲಭವಾಗಿ ಹೊರಳುತ್ತದೆ. ಚಾನೆಲ್ ಈ ಸೀಳಿದ ಕೊಳವೆಯ ಜಾತಿಯದು. ಹೊರೆಗೆ ಬಗ್ಗದು, ತಿರುಚಿಗೆ ಒಲಿಯುವುದು.

ಈ ಒಲಿಯುವ ಗುಣ ದೋಷವಲ್ಲವೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ನನ್ನ ಮೊದಲ ಚೌಕಟ್ಟನ್ನು ಚೌಕ ಕೊಳವೆಗಳಿಂದ, ಎಲ್ಲೆಲ್ಲೂ ಓರೆಪಟ್ಟಿಗಳನ್ನಿಟ್ಟು ಕಟ್ಟಿ ಹೆಮ್ಮೆಪಟ್ಟಿದ್ದೆ. ಅಂಗಳದಲ್ಲಿ ಅದರ ಒಂದು ಮುಂಚಕ್ರ ಇಟ್ಟಿಗೆಯ ಚೂರನ್ನು ಏರಿದೊಡನೆ, ಅದೇ ಬದಿಯ ಹಿಂಚಕ್ರ ನೆಲಬಿಟ್ಟು ಎದ್ದಿತು. ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯಲ್ಲಿ ತಡೆಯಿಲ್ಲದ ಚಕ್ರವೇ ಸುತ್ತುವುದರಿಂದ, ಗಾಳಿಯಲ್ಲಿದ್ದ ಆ ಚಕ್ರ ಗಿರ್ರನೆ ತಿರುಗಿತು. ಲಾರಿ ನಿಂತಲ್ಲಿಯೇ ನಿಂತಿತು. ಚೌಕಟ್ಟು ತುಸು ತಿರುಚಿಕೊಂಡಿದ್ದರೆ ನಾಲ್ಕು ಚಕ್ರಗಳೂ ನೆಲವನ್ನು ಹಿಡಿದಿರುತ್ತಿದ್ದವು. ಆ ಹಗುರವಾದ ಲಾರಿಗೆ ನಾನು ಹಾಕಿದ್ದ ಕಮಾನು ಪಟ್ಟಿಗಳು ತೀರ ಬಿಗಿಯಾಗಿದ್ದುದರಿಂದ ಅವುಗಳ ನೆರವೂ ಒದಗಲಿಲ್ಲ. ಸರ್ವೊ ಕೂರುವ ಜಾಗ, ಗೇರುಪೆಟ್ಟಿಗೆಯ ಪೀಠ ಇವೆರಡು ಮಾತ್ರ ಅಲುಗದಂತೆ ಬಿಗಿಯಾಗಿರಬೇಕು.

ಕಟ್ಟುವಾಗ ಎರಡು ಉದ್ದಪಟ್ಟಿಗಳನ್ನೂ ಬೆನ್ನಿಗೆ ಬೆನ್ನು ಹಚ್ಚಿ ವೈಸಿನಲ್ಲಿ ಹಿಡಿದು, ಒಂದೇ ಸಲಕ್ಕೆ ರಂಧ್ರ ಕೊರೆಯಬೇಕು. ಬೇರೆ ಬೇರೆ ಕೊರೆದರೆ ಅಚ್ಚು ಓರೆಯಾಗುತ್ತದೆ. ರಂಧ್ರಗಳು ಪಟ್ಟಿಯ ನಡುಭಾಗದಲ್ಲಿಯೇ ಇರಲಿ. ಬಾಗುವಾಗ ಹೆಚ್ಚಿನ ಎಳೆತ ಬೀಳುವುದು ಅಂಚುಗಳಿಗೆ. ಅಲ್ಲಿ ಕೊರೆದ ತೂತು ಬಿರುಕಿಗೆ ದಾರಿಯಾಗುತ್ತದೆ. ಅಡ್ಡಪಟ್ಟಿಗಳನ್ನು ಸಡಿಲವಾಗಿ ಜೋಡಿಸಿ, ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು, ಅವು ಸಮವಾದ ಮೇಲೆಯೇ ತಿರುಪುಗಳನ್ನು ಬಿಗಿಯಬೇಕು.

ಕೊನೆಗೆ, ಅಚ್ಚು, ಮೋಟಾರು, ಬ್ಯಾಟರಿಗಳನ್ನೆಲ್ಲ ಕೂರಿಸಿದ ಚೌಕಟ್ಟಿನ ಒಂದು ಮುಂಚಕ್ರದ ಅಡಿಗೆ ತೆಳುವಾದ ಪುಸ್ತಕವೊಂದನ್ನು ಇಡಬೇಕು. ಉಳಿದ ಮೂರು ಚಕ್ರಗಳ ಕೆಳಗೆ ಕಾಗದದ ಚೂರುಗಳನ್ನು ಇರಿಸಿ ಒಂದೊಂದಾಗಿ ಎಳೆಯಬೇಕು. ಯಾವ ಚೂರು ತಡೆಯಿಲ್ಲದೆ ಹೊರಬರುವುದೋ ಆ ಚಕ್ರ ನೆಲವನ್ನು ಮುಟ್ಟಿಲ್ಲ. ತಿರುಪುಗಳನ್ನು ಬಿಚ್ಚಿ ಮತ್ತೆ ಕೆಲಸಕ್ಕೆ ಕೂಡಬೇಕು.